ಮನೆಗೆ ಎಲೆಕ್ಟ್ರಿಕ್ ಕಾರಿನ ಚಾರ್ಜರ್ ಆರಿಸುವುದು ಹೇಗೆ: ಮೊದಲು ಲೆಕ್ಕ, ಆಮೇಲೆ ವೈರ್, ಕೊನೆಗೆ ವಾಲ್‌ಬಾಕ್ಸ್

ಎಲೆಕ್ಟ್ರಿಕ್ ಕಾರು ಬುಕ್ ಮಾಡಿದವರೆಲ್ಲ ಕೇಳುವ ಮೊದಲ ಪ್ರಶ್ನೆ "ಯಾವ ಚಾರ್ಜರ್ ಚೆನ್ನಾಗಿದೆ?" ಎಂಬುದು. ನನ್ನ ಪ್ರಕಾರ ಅದು ಕೊನೆಗೆ ಕೇಳಬೇಕಾದ ಪ್ರಶ್ನೆ. ನೀವು ದಿನಕ್ಕೆ ಎಷ್ಟು ಓಡಿಸುತ್ತೀರಿ, ನಿಮ್ಮ ಕಾರು ಎಷ್ಟು ಕರೆಂಟ್ ಎಳೆದುಕೊಳ್ಳಬಲ್ಲದು, ನಿಮ್ಮ ಮನೆ ಎಷ್ಟು ಕೊಡಬಲ್ಲದು ಎಂಬುದು ಮೊದಲು ಗೊತ್ತಿರಬೇಕು. ಇವು ಗೊತ್ತಾದರೆ ಮಾರುಕಟ್ಟೆಯಲ್ಲಿರುವ ಬಹುಪಾಲು ಮಾಡೆಲ್‌ಗಳು ತಾವಾಗಿಯೇ ಪಟ್ಟಿಯಿಂದ ಹೊರಗೆ ಹೋಗುತ್ತವೆ. ಉಳಿದವುಗಳಲ್ಲಿ ಆರಿಸುವುದು ಕಷ್ಟವಲ್ಲ.

ಇನ್ನೊಂದು ಮಾತನ್ನೂ ಮೊದಲೇ ಹೇಳಿಬಿಡುತ್ತೇನೆ. ಗೋಡೆಯ ಮೇಲೆ ಕೂರುವ ಪೆಟ್ಟಿಗೆಗಿಂತ (ಅದೇ ವಾಲ್‌ಬಾಕ್ಸ್) ಅದರ ಹಿಂದಿನ ವೈರ್, ಅರ್ಥಿಂಗ್ ಮತ್ತು ಬ್ರೇಕರ್ ಮುಖ್ಯ. ಎಷ್ಟೇ ಒಳ್ಳೆಯ ಪೆಟ್ಟಿಗೆಯಾದರೂ ಸಣ್ಣ ವೈರಿಗೆ ಜೋಡಿಸಿದರೆ ಅಪಾಯ. ಸಾಧಾರಣ ಪೆಟ್ಟಿಗೆಯನ್ನು ಒಳ್ಳೆಯ ವೈರಿಂಗಿಗೆ ಜೋಡಿಸಿದರೆ ವರ್ಷಗಟ್ಟಲೆ ಅದರ ಕಡೆ ನೋಡಬೇಕಾಗಿಯೇ ಇರುವುದಿಲ್ಲ. ಹಾಗಾಗಿ ಬಜೆಟ್ ಹಂಚುವಾಗ ವೈರಿಂಗಿನ ಪಾಲನ್ನು ಮೊದಲು ಎತ್ತಿಡಿ.

## ಹಂತ 1: ಕಾರಿನೊಳಗಿನ ಚಾರ್ಜರ್ ನೋಡಿ

ಬ್ಯಾಟರಿಗೆ ಬೇಕಾಗಿರುವುದು ಡಿಸಿ ಕರೆಂಟ್. ಮನೆಗೆ ಬರುವುದು ಎಸಿ. ಎಸಿಯನ್ನು ಡಿಸಿ ಮಾಡುವ ಯಂತ್ರ ಗೋಡೆಯ ಮೇಲಿಲ್ಲ, ಕಾರಿನ ಒಳಗಿದೆ. ಅದನ್ನು ಆನ್‌ಬೋರ್ಡ್ ಚಾರ್ಜರ್ ಎನ್ನುತ್ತಾರೆ. ಅದರ ಶಕ್ತಿ ಕಾರಿನಿಂದ ಕಾರಿಗೆ ಬೇರೆ: 3.3, 6.6, 7.4, 11 ಕಿಲೋವ್ಯಾಟ್, ಕೆಲವದರಲ್ಲಿ 22 ಕಿಲೋವ್ಯಾಟ್. ಕಾರಿನ ಕೈಪಿಡಿಯಲ್ಲಿ "ಎಸಿ ಚಾರ್ಜಿಂಗ್" ಎಂಬ ಸಾಲಿನಲ್ಲಿ ಇದು ಸಿಗುತ್ತದೆ. ಜಾಹೀರಾತಿನಲ್ಲಿ ದೊಡ್ಡದಾಗಿ ಬರೆದಿರುವ 100 ಅಥವಾ 150 ಕಿಲೋವ್ಯಾಟ್ ಡಿಸಿ ಫಾಸ್ಟ್ ಚಾರ್ಜಿಂಗಿನ ಸಂಖ್ಯೆ. ಮನೆಗೂ ಅದಕ್ಕೂ ಸಂಬಂಧವಿಲ್ಲ.

ಹಾಗಾದರೆ ಗೋಡೆಯ ವಾಲ್‌ಬಾಕ್ಸ್ ಮಾಡುವುದೇನು? ಅದು ಕಾರಿನ ಜೊತೆ ಮಾತಾಡುವ ಒಂದು ಸ್ವಿಚ್. ಪ್ಲಗ್ ಸರಿಯಾಗಿ ಕೂತಿದೆಯಾ, ಅರ್ಥ್ ಇದೆಯಾ ಎಂದು ನೋಡಿಕೊಂಡು, "ಇಷ್ಟು ಆಂಪ್ ತನಕ ತೆಗೆದುಕೋ" ಎಂದು ಕಾರಿಗೆ ತಿಳಿಸಿ, ಆಮೇಲಷ್ಟೇ ಕರೆಂಟ್ ಬಿಡುತ್ತದೆ. ಈ ಮಾತುಕತೆಗೆ ಪ್ಲಗ್ಗಿನಲ್ಲಿ ಪ್ರತ್ಯೇಕ ಸಣ್ಣ ಪಿನ್ ಇದೆ. ಅದರಲ್ಲಿ ಸೆಕೆಂಡಿಗೆ ಸಾವಿರ ಸಲ ಏರಿಳಿಯುವ 12 ವೋಲ್ಟಿನ ಸಂಕೇತ ಹೋಗುತ್ತಿರುತ್ತದೆ. ಆ ಸಂಕೇತ ಎಷ್ಟು ಹೊತ್ತು ಮೇಲಿರುತ್ತದೆ ಎಂಬುದರಿಂದ ಕಾರಿಗೆ ಆಂಪ್ ಗೊತ್ತಾಗುತ್ತದೆ. ಕಾರು ಅದೇ ವೋಲ್ಟೇಜನ್ನು 9ಕ್ಕೆ ಇಳಿಸಿದರೆ "ಪ್ಲಗ್ ಹಾಕಿದೆ" ಎಂದರ್ಥ, 6ಕ್ಕೆ ಇಳಿಸಿದರೆ "ಕರೆಂಟ್ ಬಿಡು" ಎಂದರ್ಥ. ಹಾಕಿರದ ಪ್ಲಗ್ಗಿನ ದೊಡ್ಡ ಪಿನ್‌ಗಳಲ್ಲಿ ಮೇನ್ಸ್ ಕರೆಂಟ್ ಇರದಿರುವುದು ಇದರಿಂದಲೇ. ಮಳೆಯಲ್ಲಿ ಪ್ಲಗ್ ಹಾಕಬಹುದಾ ಎಂದು ಹೆದರುವವರಿಗೆ ಸುಮ್ನೆ ಧೈರ್ಯ ಹೇಳುವುದಕ್ಕಿಂತ ಇದನ್ನು ವಿವರಿಸುವುದು ಒಳ್ಳೆಯದು.

ಚಾರ್ಜಿಂಗ್ ವೇಗವನ್ನು ತೀರ್ಮಾನಿಸುವುದು ಕಾರು, ವಾಲ್‌ಬಾಕ್ಸ್, ಮನೆಯ ಲೈನ್ ಈ ಮೂರರಲ್ಲಿ ಯಾವುದು ಚಿಕ್ಕದೋ ಅದು. 7.4 ಕಿಲೋವ್ಯಾಟ್ ಕಾರಿಗೆ 22 ಕಿಲೋವ್ಯಾಟ್ ವಾಲ್‌ಬಾಕ್ಸ್ ಹಾಕಿದರೂ ಸಿಗುವುದು 7.4 ಮಾತ್ರ.

ಇಲ್ಲಿ ಒಂದು ಬಲೆ ಇದೆ. ತಿಳಿದವರೂ ಇದರಲ್ಲಿ ಬೀಳುತ್ತಾರೆ. ಲೆಕ್ಕ ಹೀಗೆ: ವೋಲ್ಟ್ ಗುಣಿಸು ಆಂಪ್ ಅಂದರೆ ವ್ಯಾಟ್. 230 ವೋಲ್ಟಿನ ಸಿಂಗಲ್ ಫೇಸಿನಲ್ಲಿ 16 ಆಂಪ್ ಅಂದರೆ ಸುಮಾರು 3.7 ಕಿಲೋವ್ಯಾಟ್, 32 ಆಂಪ್ ಅಂದರೆ 7.4. ತ್ರೀ ಫೇಸಿನಲ್ಲಿ, ಅಂದರೆ ಕರೆಂಟ್ ತರುವ ವೈರ್ ಒಂದರ ಬದಲು ಮೂರು ಇರುವ ಕಡೆ, ಪ್ರತಿ ಫೇಸಿಗೂ 16 ಆಂಪ್ ಆದರೆ 11 ಕಿಲೋವ್ಯಾಟ್, 32 ಆಂಪ್ ಆದರೆ 22. ಈಗ ನಿಮ್ಮ ಕಾರಿನಲ್ಲಿ 7.4 ಕಿಲೋವ್ಯಾಟಿನ ಸಿಂಗಲ್ ಫೇಸ್ ಚಾರ್ಜರ್ ಇದೆ ಎಂದುಕೊಳ್ಳಿ. ನೀವು "ಇನ್ನೂ ದೊಡ್ಡದು ಇರಲಿ" ಎಂದು 11 ಕಿಲೋವ್ಯಾಟಿನ ತ್ರೀ ಫೇಸ್ ವಾಲ್‌ಬಾಕ್ಸ್ ತರುತ್ತೀರಿ. ಕಾರು ಬಳಸುವುದು ಒಂದೇ ಫೇಸ್. ಆ ಫೇಸಿನಲ್ಲಿ ವಾಲ್‌ಬಾಕ್ಸ್ ಕೊಡುವುದು 16 ಆಂಪ್. ಅಂದರೆ ಸಿಗುವುದು 3.7 ಕಿಲೋವ್ಯಾಟ್! ಚಿಕ್ಕ ಸಂಖ್ಯೆಯ 7.4 ಕಿಲೋವ್ಯಾಟ್ ವಾಲ್‌ಬಾಕ್ಸ್ ತಂದಿದ್ದರೆ ಎರಡರಷ್ಟು ವೇಗ ಸಿಗುತ್ತಿತ್ತು.

ಉಲ್ಟಾ ಕೂಡ ಆಗುತ್ತದೆ. 11 ಕಿಲೋವ್ಯಾಟಿನ ತ್ರೀ ಫೇಸ್ ಕಾರನ್ನು ಸಿಂಗಲ್ ಫೇಸ್ 32 ಆಂಪ್ ವಾಲ್‌ಬಾಕ್ಸಿಗೆ ಹಾಕಿದರೆ ಕೆಲವು ಕಾರುಗಳು 7.4 ತೆಗೆದುಕೊಳ್ಳುತ್ತವೆ, ಕೆಲವು 3.7ಕ್ಕೇ ನಿಲ್ಲುತ್ತವೆ. ಹಾಗಾಗಿ ಡೀಲರ್ ಹತ್ತಿರ "ಎಷ್ಟು ಕಿಲೋವ್ಯಾಟ್?" ಎಂದಷ್ಟೇ ಕೇಳಬೇಡಿ. "ಸಿಂಗಲ್ ಫೇಸಿನಲ್ಲಿ ಗರಿಷ್ಠ ಎಷ್ಟು ಆಂಪ್?" ಎಂದು ಕೇಳಿ. ಉತ್ತರ ಬರದಿದ್ದರೆ ಕೈಪಿಡಿ ತರಿಸಿ ನೋಡಿ.

## ಹಂತ 2: ದಿನಕ್ಕೆ ಎಷ್ಟು ಯೂನಿಟ್ ಬೇಕು?

ಮಧ್ಯಮ ಗಾತ್ರದ ಎಲೆಕ್ಟ್ರಿಕ್ ಕಾರು 100 ಕಿಲೋಮೀಟರಿಗೆ ಸುಮಾರು 15ರಿಂದ 18 ಯೂನಿಟ್ (ಒಂದು ಯೂನಿಟ್ ಅಂದರೆ ಒಂದು ಕಿಲೋವ್ಯಾಟ್-ಅವರ್) ಬಳಸುತ್ತದೆ. ಭಾರದ ಎಸ್‌ಯುವಿ ಆದರೆ, ಹೆದ್ದಾರಿಯಲ್ಲಿ ಜೋರಾಗಿ ಓಡಿಸಿದರೆ, 20 ದಾಟಬಹುದು. ದಿನಕ್ಕೆ 40 ಕಿಲೋಮೀಟರ್ ಓಡಿಸುವವರಿಗೆ ಬ್ಯಾಟರಿಗೆ 6ರಿಂದ 7 ಯೂನಿಟ್ ತುಂಬಿದರೆ ಸಾಕು. ಎಸಿಯಿಂದ ಡಿಸಿ ಆಗುವಾಗ, ವೈರಿನಲ್ಲಿ, ಕಾರಿನ ಎಲೆಕ್ಟ್ರಾನಿಕ್ಸಿನಲ್ಲಿ ಸ್ವಲ್ಪ ಸೋರಿಹೋಗುತ್ತದೆ. ಅದಕ್ಕೆ ಸುಮಾರು ಶೇಕಡ 10 ಸೇರಿಸಿ. ಮೀಟರಿನಲ್ಲಿ 7ರಿಂದ 8 ಯೂನಿಟ್ ತಿರುಗುತ್ತದೆ.

60 ಯೂನಿಟ್ ಬ್ಯಾಟರಿಯನ್ನು ಶೇಕಡ 10ರಿಂದ 80ಕ್ಕೆ ತರಲು ಹಿಡಿಯುವ ಹೊತ್ತು ನೋಡಿ:

| ಚಾರ್ಜಿಂಗ್ ಶಕ್ತಿ | ಎಲ್ಲಿಂದ | ಸುಮಾರು ಗಂಟೆ |
|---|---|---|
| 2.3 ಕಿಲೋವ್ಯಾಟ್ | ಮಾಮೂಲಿ ಸಾಕೆಟ್, 10 ಆಂಪ್ | 20 |
| 3.7 ಕಿಲೋವ್ಯಾಟ್ | ಸಿಂಗಲ್ ಫೇಸ್, 16 ಆಂಪ್ | 12ರಿಂದ 13 |
| 7.4 ಕಿಲೋವ್ಯಾಟ್ | ಸಿಂಗಲ್ ಫೇಸ್, 32 ಆಂಪ್ | 6ರಿಂದ 6.5 |
| 11 ಕಿಲೋವ್ಯಾಟ್ | ತ್ರೀ ಫೇಸ್, 16 ಆಂಪ್ | 4ರಿಂದ 4.5 |
| 22 ಕಿಲೋವ್ಯಾಟ್ | ತ್ರೀ ಫೇಸ್, 32 ಆಂಪ್ | 2 |

ಈ ಪಟ್ಟಿ ನೋಡಿದ ತಕ್ಷಣ ಕಣ್ಣು ಕೊನೆಯ ಸಾಲಿಗೆ ಹೋಗುತ್ತದೆ, ಅಲ್ವಾ? ಆದರೆ ಕಾರು ರಾತ್ರಿ ಹೇಗಿದ್ದರೂ ಎಂಟು ಹತ್ತು ಗಂಟೆ ನಿಂತೇ ಇರುತ್ತದೆ. ಎರಡು ಗಂಟೆಯಲ್ಲಿ ತುಂಬಿ ಉಳಿದ ಎಂಟು ಗಂಟೆ ಸುಮ್ನೆ ನಿಲ್ಲುವುದರಿಂದ ಬಂದ ಲಾಭವೇನು? ದಿನಕ್ಕೆ 40 ಕಿಲೋಮೀಟರಿನವರಿಗೆ 3.7 ಕಿಲೋವ್ಯಾಟ್ ಆದರೂ ಎರಡು ಗಂಟೆಯಲ್ಲಿ ಕೆಲಸ ಮುಗಿಯುತ್ತದೆ.

ಹಾಗೆಂದು ತೀರಾ ನಿಧಾನವೂ ಒಳ್ಳೆಯದಲ್ಲ. ಚಾರ್ಜ್ ಆಗುವಷ್ಟು ಹೊತ್ತೂ ಕಾರಿನ ಕಂಪ್ಯೂಟರ್, ಪಂಪ್ ಎಲ್ಲ ಎಚ್ಚರವಾಗಿರುತ್ತವೆ. ಅವಕ್ಕೇ ಕೆಲವು ನೂರು ವ್ಯಾಟ್ ಬೇಕಾಗಬಹುದು. 7.4 ಕಿಲೋವ್ಯಾಟಿನಲ್ಲಿ ಅದು ಲೆಕ್ಕಕ್ಕೆ ಬರುವುದಿಲ್ಲ. 120 ವೋಲ್ಟಿನ ದೇಶಗಳಲ್ಲಿ ಮಾಮೂಲಿ ಸಾಕೆಟ್ ಕೊಡುವುದೇ 12 ಆಂಪ್, ಅಂದರೆ 1.4 ಕಿಲೋವ್ಯಾಟ್. ಅದರಲ್ಲಿ ಈ ಖರ್ಚು ದೊಡ್ಡ ಪಾಲಾಗುತ್ತದೆ. ರಾತ್ರಿ ಕೆಲವೇ ಗಂಟೆ ಕರೆಂಟ್ ಅಗ್ಗವಾಗುವ ಊರುಗಳಲ್ಲೂ ಸ್ವಲ್ಪ ವೇಗ ಬೇಕು. ಆ ಗಂಟೆಗಳೊಳಗೆ ತುಂಬಿ ಮುಗಿಯಬೇಕಲ್ಲ.

ನನ್ನ ಸಲಹೆ ನೇರವಾಗಿದೆ. ಸಿಂಗಲ್ ಫೇಸ್ ಮನೆಗೆ 7.4 ಕಿಲೋವ್ಯಾಟ್. ತ್ರೀ ಫೇಸ್ ಈಗಾಗಲೇ ಇದ್ದು ಕಾರೂ ತ್ರೀ ಫೇಸ್ ಆಗಿದ್ದರೆ 11. ಬರೀ ಚಾರ್ಜರಿಗಾಗಿ ತ್ರೀ ಫೇಸ್ ತರಿಸುವುದು ಹೆಚ್ಚಿನವರಿಗೆ ದಂಡ. 22 ಕಿಲೋವ್ಯಾಟ್ ಮನೆಯಲ್ಲಿ ನಿಜವಾಗಿ ಬೇಕಾಗುವವರು ಬಹಳ ಕಡಿಮೆ. ದಿನಕ್ಕೆ ಎರಡು ಮೂರು ಸಲ ಬಂದು ಹೋಗುವ ಗಾಡಿ ಇದ್ದರೆ, ಆ ಗಾಡಿಯೂ 22 ತೆಗೆದುಕೊಳ್ಳುವುದಾದರೆ ಮಾತ್ರ ಯೋಚಿಸಿ. ಮನೆಗೆ ಡಿಸಿ ಚಾರ್ಜರ್ ಬೇಕಾ ಎಂದು ಕೇಳುವವರಿಗೆ ಒಂದೇ ಮಾತು: ಬೇಡ.

## ಹಂತ 3: ಮನೆ ಎಷ್ಟು ಕೊಡಬಲ್ಲದು?

ಮೀಟರ್ ಪಕ್ಕದ ಮೇನ್ ಬ್ರೇಕರಿನ ಮೇಲೆ ಒಂದು ಸಂಖ್ಯೆ ಇರುತ್ತದೆ: 40, 63, 100 ಹೀಗೆ. ಅದು ಇಡೀ ಮನೆಗೆ ಸಿಗುವ ಗರಿಷ್ಠ ಆಂಪ್. ವಿದ್ಯುತ್ ಕಂಪನಿ ಮಂಜೂರು ಮಾಡಿದ ಲೋಡ್ ಇದಕ್ಕಿಂತ ಕಡಿಮೆಯೂ ಇರಬಹುದು. ಅದನ್ನು ಬಿಲ್ಲಿನಲ್ಲಿ ನೋಡಿ.

ಆಮೇಲೆ ರಾತ್ರಿ ಹೊತ್ತು ಒಟ್ಟಿಗೆ ಓಡುವ ದೊಡ್ಡ ಸಾಮಾನುಗಳನ್ನು ಕೂಡಿ. ಗೀಸರ್, ಏಸಿ, ಇಂಡಕ್ಷನ್ ಒಲೆ, ಬಟ್ಟೆ ಒಣಗಿಸುವ ಯಂತ್ರ. 2 ಕಿಲೋವ್ಯಾಟಿನ ಗೀಸರ್ ಸುಮಾರು 9 ಆಂಪ್ ಎಳೆಯುತ್ತದೆ. ಅದರ ಜೊತೆಗೆ ಏಸಿ, ಒಲೆ ಸೇರಿದರೆ 25 ಆಂಪ್ ಆಗಲು ಹೊತ್ತು ಬೇಕಿಲ್ಲ. ಅದರ ಮೇಲೆ 32 ಆಂಪ್ ಚಾರ್ಜರ್ ಹಾಕಿದರೆ 40 ಆಂಪಿನ ಮೇನ್ ಬಿದ್ದುಹೋಗುತ್ತದೆ. ಗೀಸರ್ ಹತ್ತು ಇಪ್ಪತ್ತು ನಿಮಿಷದಲ್ಲಿ ಆಫ್ ಆಗುತ್ತದೆ. ಕಾರು ಹಾಗಲ್ಲ, ಗಂಟೆಗಟ್ಟಲೆ ಒಂದೇ ಸಮನೆ ಎಳೆಯುತ್ತದೆ. ಮನೆಯಲ್ಲಿ ಇಷ್ಟು ದೊಡ್ಡ ಲೋಡ್ ಇಷ್ಟು ಹೊತ್ತು ಬೇರೆ ಯಾವುದೂ ಇರುವುದಿಲ್ಲ.

ಮನೆಗೆ ಸಿಗುವ ಆಂಪ್ ಸಾಲದಿದ್ದರೆ ತಕ್ಷಣ ಲೋಡ್ ಹೆಚ್ಚಿಸಲು ಅರ್ಜಿ ಹಾಕಬೇಡಿ. ಮೊದಲು ಲೋಡ್ ಬ್ಯಾಲೆನ್ಸಿಂಗ್ ಇರುವ ವಾಲ್‌ಬಾಕ್ಸ್ ನೋಡಿ. ಮೇನ್ ವೈರಿನ ಸುತ್ತ ಒಂದು ಸಣ್ಣ ಕ್ಲ್ಯಾಂಪ್ ಹಾಕುತ್ತಾರೆ. ಮನೆ ಎಷ್ಟು ಎಳೆಯುತ್ತಿದೆ ಎಂದು ಅದು ಅಳೆಯುತ್ತದೆ. ಒಲೆ ಹಚ್ಚಿದರೆ ಚಾರ್ಜರ್ 32ರಿಂದ 12ಕ್ಕೆ ಇಳಿಯುತ್ತದೆ, ಒಲೆ ಆರಿಸಿದರೆ ಮತ್ತೆ ಏರುತ್ತದೆ. ಕಾರಿನವರಿಗೆ ಗೊತ್ತೂ ಆಗುವುದಿಲ್ಲ. ಈ ಒಂದು ಸೌಲಭ್ಯಕ್ಕೆ ಜಾಸ್ತಿ ದುಡ್ಡು ಕೊಡುವುದು ನನಗೆ ಸರಿ ಎನಿಸುತ್ತದೆ. ಹೆಚ್ಚಿನ "ಸ್ಮಾರ್ಟ್" ಸೌಲಭ್ಯಗಳ ಬಗ್ಗೆ ಹಾಗೆ ಹೇಳಲಾರೆ.

ಕೊಳ್ಳುವ ಮುಂಚೆ ಎರಡು ವಿಷಯ ಕೇಳಿ. ಕ್ಲ್ಯಾಂಪ್ ಮತ್ತು ವಾಲ್‌ಬಾಕ್ಸ್ ನಡುವೆ ವೈರ್ ಬೇಕಾ, ವೈರ್‌ಲೆಸ್ ಸಾಕಾ? ಸಂಪರ್ಕ ತಪ್ಪಿದರೆ ವಾಲ್‌ಬಾಕ್ಸ್ ಏನು ಮಾಡುತ್ತದೆ? ಒಳ್ಳೆಯದಾದರೆ ಕರೆಂಟನ್ನು ಕನಿಷ್ಠಕ್ಕೆ ಇಳಿಸುತ್ತದೆ ಅಥವಾ ನಿಲ್ಲಿಸುತ್ತದೆ. ಏನೂ ಆಗದವರಂತೆ ಪೂರ್ತಿ 32 ಎಳೆಯುವಂಥದ್ದು ಬೇಡ.

ವಿದ್ಯುತ್ ಕಂಪನಿಗೆ ತಿಳಿಸಬೇಕಾ, ಪ್ರತ್ಯೇಕ ಮೀಟರ್ ಸಿಗುತ್ತದಾ, ಕಾರಿಗೆ ಬೇರೆ ದರ ಇದೆಯಾ ಎಂಬುದನ್ನೂ ಈಗಲೇ ವಿಚಾರಿಸಿ. ನಿಯಮ ಜಾಗದಿಂದ ಜಾಗಕ್ಕೆ ಬೇರೆ. ಎಲ್ಲ ಕೂರಿಸಿದ ಮೇಲೆ ಕೇಳಿದರೆ ಗೋಡೆ ಮತ್ತೆ ಕೊರೆಯಬೇಕಾಗಬಹುದು.

## ಹಂತ 4: ವೈರ್, ಬ್ರೇಕರ್, ಅರ್ಥಿಂಗ್

ಈ ಭಾಗವನ್ನು ಎಲೆಕ್ಟ್ರಿಷಿಯನ್ ಮಾಡುತ್ತಾರೆ. ಸ್ವಂತ ಪ್ರಯೋಗಕ್ಕೆ ಇದು ಜಾಗವಲ್ಲ. ಆದರೆ ಏನು ಮಾಡುತ್ತಿದ್ದಾರೆ ಎಂದು ನಿಮಗೆ ಗೊತ್ತಿರಲೇಬೇಕು.

ಮೊದಲನೆಯದು, ಡಿಬಿಯಿಂದ (ಮನೆಯ ಬ್ರೇಕರ್‌ಗಳಿರುವ ಪೆಟ್ಟಿಗೆ) ಚಾರ್ಜರಿಗೆ ಪ್ರತ್ಯೇಕ ಲೈನ್. ಅದರಲ್ಲಿ ಬೇರೆ ಸಾಕೆಟ್, ದೀಪ, ಪಂಪ್ ಏನೂ ಇರಬಾರದು.

ಎರಡನೆಯದು ವೈರಿನ ದಪ್ಪ. 32 ಆಂಪಿಗೆ 6 ಚದರ ಮಿಲಿಮೀಟರ್ ತಾಮ್ರ ಸಾಮಾನ್ಯ. ದೂರ ಜಾಸ್ತಿಯಾದರೆ ಅದೂ ಸಾಲುವುದಿಲ್ಲ. ಡಿಬಿಯಿಂದ ಪಾರ್ಕಿಂಗಿಗೆ 30 ಮೀಟರ್ ಎಂದುಕೊಳ್ಳಿ. ಹೋಗಿ ಬರುವ ದಾರಿ 60 ಮೀಟರ್. 6 ಚದರ ಮಿಲಿಮೀಟರ್ ತಾಮ್ರಕ್ಕೆ ಮೀಟರಿಗೆ ಸುಮಾರು 0.0031 ಓಮ್ ತಡೆ. ಒಟ್ಟು 0.185 ಓಮ್. 32 ಆಂಪ್ ಹರಿದಾಗ ಸುಮಾರು 6 ವೋಲ್ಟ್ ಇಳಿಯುತ್ತದೆ, 190 ವ್ಯಾಟ್ ವೈರಿನಲ್ಲೇ ಬಿಸಿಯಾಗಿ ಹೋಗುತ್ತದೆ. ಅದೇ ದೂರಕ್ಕೆ 4 ಚದರ ಮಿಲಿಮೀಟರ್ ಎಳೆದರೆ ನಷ್ಟ 280 ವ್ಯಾಟ್ ದಾಟುತ್ತದೆ, 10 ಹಾಕಿದರೆ 115ರ ಒಳಗೆ ಬರುತ್ತದೆ. ಗೋಡೆಯೊಳಗಿನ ಪೈಪಿನಲ್ಲಿ, ಬಿಸಿಲಿನಲ್ಲಿ, ಬೇರೆ ವೈರುಗಳ ಜೊತೆ ಒತ್ತೊತ್ತಾಗಿ ಹೋಗುವ ವೈರು ಇನ್ನೂ ಬಿಸಿಯಾಗುತ್ತದೆ. 20 ಮೀಟರಿಗಿಂತ ದೂರವಿದ್ದರೆ 10 ಚದರ ಮಿಲಿಮೀಟರಿನ ಬೆಲೆಯನ್ನೂ ಕೇಳಿ. ಒಂದೇ ಸಲದ ಖರ್ಚು ಅದು.

ಮೂರನೆಯದು ಎಂಸಿಬಿ, ಅಂದರೆ ಈ ಲೈನಿನ ಬ್ರೇಕರ್. 32 ಆಂಪ್ ಚಾರ್ಜರಿಗೆ 32ರದ್ದೇ ಎಂಸಿಬಿ ಹಾಕಿದರೆ ಅದು ಗಂಟೆಗಟ್ಟಲೆ ತನ್ನ ಅಂಚಿನಲ್ಲೇ ಇರುತ್ತದೆ. ಬಿಸಿಯಾಗಿ ಮಧ್ಯರಾತ್ರಿ ಬೀಳಬಹುದು. ಅದಕ್ಕೇ 40 ಆಂಪ್ ಹಾಕುವುದು ವಾಡಿಕೆ. ಅಮೆರಿಕದ ವಿದ್ಯುತ್ ನಿಯಮದಲ್ಲಿ ಇದು ಕಡ್ಡಾಯ: ಚಾರ್ಜರ್ ಎಳೆಯುವುದರ ಶೇಕಡ 125ರಷ್ಟು ಲೈನ್ ಇರಬೇಕು. ಆದರೆ ಬ್ರೇಕರ್ ದೊಡ್ಡದಾದಾಗ ವೈರೂ ಅದಕ್ಕೆ ತಕ್ಕಂತೆ ಇರಬೇಕು. ವೈರ್ ಹಳೆಯದೇ ಬಿಟ್ಟು ಬ್ರೇಕರ್ ಮಾತ್ರ ದೊಡ್ಡದು ಮಾಡುವವರನ್ನು ಅಲ್ಲೇ ತಡೆಯಿರಿ. ಬ್ರೇಕರ್ ಬೀಳುವ ಮುಂಚೆ ವೈರ್ ಸುಡುತ್ತದೆ.

ನಾಲ್ಕನೆಯದು, ಜನ ಹೆಚ್ಚಾಗಿ ಬಿಟ್ಟುಬಿಡುವುದು: ಕರೆಂಟ್ ಸೋರಿದರೆ ಕಡಿಯುವ ಆರ್‌ಸಿಡಿ. 30 ಮಿಲಿಆಂಪಿನದು ಬೇಕು ಎಂದು ಎಲ್ಲರೂ ಹೇಳುತ್ತಾರೆ. ಯಾವ ಟೈಪ್ ಎಂದು ಕೇಳುವವರು ಕಡಿಮೆ. ಎಸಿ ಟೈಪ್ ಇಲ್ಲಿ ಆಗುವುದಿಲ್ಲ. ಕಾರಿನೊಳಗೆ ಡಿಸಿ ಇದೆ, ಕೆಟ್ಟಾಗ ಅದು ಹಿಂದಕ್ಕೆ ಸೋರಬಹುದು. ಡಿಸಿ ಸೋರಿದರೆ ಆರ್‌ಸಿಡಿಯೊಳಗಿನ ಕಾಂತದ ಬಳೆ ಮಂಕಾಗುತ್ತದೆ. ಆಮೇಲೆ ಮನುಷ್ಯರಿಗೇ ಶಾಕ್ ಹೊಡೆದರೂ ಅದು ಬೀಳದೆ ಹೋಗಬಹುದು. ಹಾಗಾಗಿ ಬಿ ಟೈಪ್ ಹಾಕಬೇಕು. ಇಲ್ಲವೇ 6 ಮಿಲಿಆಂಪ್ ಡಿಸಿ ಸೋರಿಕೆಯನ್ನು ಹಿಡಿಯುವ ವ್ಯವಸ್ಥೆ ವಾಲ್‌ಬಾಕ್ಸಿನೊಳಗೇ ಇದ್ದು, ಡಿಬಿಯಲ್ಲಿ ಎ ಟೈಪ್ ಇರಬೇಕು. ಬಿ ಟೈಪ್ ದುಬಾರಿ. ಒಳಗೇ ಡಿಸಿ ರಕ್ಷಣೆ ಇರುವ ವಾಲ್‌ಬಾಕ್ಸಿಗೆ ಸ್ವಲ್ಪ ಜಾಸ್ತಿ ಕೊಟ್ಟರೂ ಒಟ್ಟಾರೆ ಅಗ್ಗವಾಗಬಹುದು. ಎರಡು ಮಾಡೆಲ್‌ಗಳ ಬೆಲೆ ಹೋಲಿಸುವಾಗ ಇದನ್ನು ಮರೆಯಬೇಡಿ.

ಐದನೆಯದು ಅರ್ಥಿಂಗ್. ಅರ್ಥ್ ಸರಿಯಿಲ್ಲದಿದ್ದರೆ ಹಲವು ವಾಲ್‌ಬಾಕ್ಸ್‌ಗಳು ಶುರುವೇ ಆಗುವುದಿಲ್ಲ. ಕೆಂಪು ದೀಪ ಹತ್ತಿಸಿ ಕೂರುತ್ತವೆ. ಆಗ ಅರ್ಥ್ ಪರೀಕ್ಷೆಯನ್ನು ಸೆಟಿಂಗಿನಲ್ಲಿ ಆಫ್ ಮಾಡಿ ಕೊಡುತ್ತೇವೆ ಎನ್ನುವವರು ಸಿಗುತ್ತಾರೆ. ಒಪ್ಪಬೇಡಿ. ಕಾರಿನ ಇಡೀ ಮೈ ಲೋಹ, ಒದ್ದೆ ನೆಲದ ಮೇಲೆ ನಿಂತು ಅದನ್ನು ಮುಟ್ಟುತ್ತೇವೆ. ಕೆಲವು ಕಡೆ ನ್ಯೂಟ್ರಲ್ ಮತ್ತು ಅರ್ಥ್ ಬೀದಿಯಿಂದ ಒಂದೇ ವೈರಿನಲ್ಲಿ ಬರುತ್ತವೆ. ಆ ವೈರ್ ಹೊರಗೆಲ್ಲೋ ತುಂಡಾದರೆ ಕಾರಿನ ಮೈಗೆ ಕರೆಂಟ್ ಬರಬಹುದು. ಅಂಥ ಕಡೆ ಚಾರ್ಜರಿಗೆ ಬೇರೆಯದೇ ಅರ್ಥ್ ಕಂಬಿ ಹೂಳುತ್ತಾರೆ, ಅಥವಾ ಈ ತೊಂದರೆ ಕಂಡುಹಿಡಿದು ಕಡಿಯುವ ವಾಲ್‌ಬಾಕ್ಸ್ ಹಾಕುತ್ತಾರೆ. ನಿಮ್ಮ ಮನೆಯ ಅರ್ಥ್ ಯಾವ ಬಗೆಯದು ಎಂದು ಎಲೆಕ್ಟ್ರಿಷಿಯನ್ ಹೇಳಬಲ್ಲವರಾಗಿರಬೇಕು. ಹೇಳಲಾಗದಿದ್ದರೆ ಬೇರೆಯವರನ್ನು ಹುಡುಕಿ. ಸಿಡಿಲು ಜಾಸ್ತಿ ಇರುವ ಕಡೆ ಸರ್ಜ್ ರಕ್ಷಣೆಯೂ ಬೇಕು.

ಕೊನೆಯದು ಒಂದು ಸ್ಕ್ರೂ. ಹೌದು, ಸ್ಕ್ರೂ. ಟರ್ಮಿನಲ್ ಸಡಿಲವಿದ್ದು ಅಲ್ಲಿ 0.05 ಓಮ್ ತಡೆ ಬಂದರೆ 10 ಆಂಪಿನಲ್ಲಿ 5 ವ್ಯಾಟ್ ಬಿಸಿ. 32 ಆಂಪಿನಲ್ಲಿ 51 ವ್ಯಾಟ್. ಅಂದರೆ ಡಿಬಿಯ ಪ್ಲಾಸ್ಟಿಕ್ ನಡುವೆ ಒಂದು ಸೋಲ್ಡರಿಂಗ್ ಐರನ್ನನ್ನು ರಾತ್ರಿಯಿಡೀ ಕಾಯಿಸಿಟ್ಟ ಹಾಗೆ. ಸುಟ್ಟ ಡಿಬಿ, ಕರಗಿದ ಸಾಕೆಟ್ ಎಂದು ಕೇಳುವ ಕತೆಗಳಲ್ಲಿ ಸಡಿಲ ಜೋಡಣೆಯ ಪಾತ್ರ ದೊಡ್ಡದು. ಟಾರ್ಕ್ ಸ್ಕ್ರೂಡ್ರೈವರಿನಿಂದ, ತಯಾರಕರು ಹೇಳಿದಷ್ಟು ಬಿಗಿ ಮಾಡಲು ಹೇಳಿ.

ಇದೇ ಕಾರಣಕ್ಕೆ ಕಾರಿನ ಜೊತೆ ಬರುವ ಪೋರ್ಟಬಲ್ ಚಾರ್ಜರನ್ನು ಹಳೆಯ ಸಾಕೆಟ್ಟಿಗೆ ದಿನವೂ ಹಾಕುವುದು ಬೇಡ. ಬಳಸಲೇಬೇಕಾದರೆ ಹೊಸ, ಗಟ್ಟಿ ಸಾಕೆಟ್ ಹಾಕಿಸಿ, ಆಂಪ್ ಕಡಿಮೆ ಇಡಿ. ಎಕ್ಸ್‌ಟೆನ್ಷನ್ ಬೋರ್ಡ್ ಮಾತ್ರ ಖಂಡಿತ ಬೇಡ.

## ಹಂತ 5: ಪ್ಲಗ್ ಮತ್ತು ಕೇಬಲ್

ಪ್ಲಗ್ ಆಯ್ಕೆಯನ್ನು ನಿಮ್ಮ ಕಾರೇ ಮಾಡಿರುತ್ತದೆ. ಯುರೋಪ್, ಭಾರತ, ಆಸ್ಟ್ರೇಲಿಯಾದ ಈಗಿನ ಕಾರುಗಳಲ್ಲಿ ಏಳು ಪಿನ್ನಿನ ಟೈಪ್ 2 ಸಾಮಾನ್ಯ. ಜಪಾನಿನಲ್ಲಿ ಐದು ಪಿನ್ನಿನ ಟೈಪ್ 1. ಉತ್ತರ ಅಮೆರಿಕದಲ್ಲಿ ಟೈಪ್ 1 ಇದ್ದದ್ದು ಈಗ ಟೆಸ್ಲಾ ಶುರುಮಾಡಿದ ಎನ್‌ಎಸಿಎಸ್ ಕಡೆಗೆ ಹೊರಳುತ್ತಿದೆ. ಚೀನಾದ್ದು ಜಿಬಿ/ಟಿ. ನೋಡಲು ಟೈಪ್ 2 ತರಹವೇ ಇದ್ದರೂ ಅದು ಇದಕ್ಕೆ ಕೂರುವುದಿಲ್ಲ. ಬೇರೆ ದೇಶದಿಂದ ಬಂದ ಕಾರು ಕೊಂಡವರು ಹುಷಾರಾಗಿ ನೋಡಬೇಕು.

ನೀವು ನಿಜವಾಗಿ ಆರಿಸಬೇಕಾದದ್ದು ಕೇಬಲ್ ಅಂಟಿಕೊಂಡೇ ಬರುವ ವಾಲ್‌ಬಾಕ್ಸಾ, ಬರೀ ಸಾಕೆಟ್ ಇರುವುದಾ ಎಂದು. ದಿನವೂ ಬಳಸುವವರಿಗೆ ಕೇಬಲ್ ಇರುವುದೇ ಸುಖ. ಡಿಕ್ಕಿಯಿಂದ ಕೇಬಲ್ ತೆಗೆದು, ಎರಡು ಕಡೆ ಸಿಕ್ಕಿಸಿ, ಬೆಳಿಗ್ಗೆ ಒದ್ದೆ ಕೇಬಲ್ ಸುತ್ತಿಡುವ ಉತ್ಸಾಹ ಬೇಗ ಇಳಿಯುತ್ತದೆ. ಸಾಕೆಟ್ ಇರುವುದಕ್ಕೆ ಎರಡು ಅನುಕೂಲ: ಕೇಬಲ್ ಕೆಟ್ಟರೆ ಸುಲಭವಾಗಿ ಬದಲಿಸಬಹುದು, ತೆರೆದ ಜಾಗದಲ್ಲಿ ಕೇಬಲ್ ಕಳ್ಳತನದ ಭಯವಿಲ್ಲ.

ಕೇಬಲ್ ಬೇರೆ ಕೊಳ್ಳುವುದಾದರೆ ಅದರ ಮೇಲಿನ ಆಂಪ್ ನೋಡಿ. ಟೈಪ್ 2 ಕೇಬಲ್ಲಿನ ಪ್ಲಗ್ಗಿನೊಳಗೆ ಒಂದು ರೆಸಿಸ್ಟರ್ ಇದೆ. 220 ಓಮ್ ಇದ್ದರೆ 32 ಆಂಪಿನ ಕೇಬಲ್, 680 ಇದ್ದರೆ 20 ಆಂಪಿನದು. 20ರದ್ದು ಸಿಕ್ಕಿಸಿದರೆ 32 ಆಂಪಿನ ವಾಲ್‌ಬಾಕ್ಸ್ ಕೂಡ 20ಕ್ಕೇ ನಿಲ್ಲುತ್ತದೆ. "ಚಾರ್ಜರ್ ನಿಧಾನವಾಗಿದೆ" ಎಂಬ ದೂರಿನ ಹಿಂದೆ ಎಷ್ಟೋ ಸಲ ಇಂಥ ಕೇಬಲ್ ಇರುತ್ತದೆ.

ಉದ್ದವನ್ನು ಹಗ್ಗ ಹಿಡಿದು ಅಳೆಯಿರಿ. ವಾಲ್‌ಬಾಕ್ಸ್ ಬರುವ ಜಾಗದಿಂದ ಕಾರಿನ ಪೋರ್ಟಿನವರೆಗೆ, ಕಾರನ್ನು ಮುಂದೆ ಮುಖ ಮಾಡಿ ನಿಲ್ಲಿಸಿದಾಗ ಮತ್ತು ಹಿಂದೆ ಮುಖ ಮಾಡಿದಾಗ. ಅದಕ್ಕೆ ಒಂದು ಮೀಟರ್ ಸೇರಿಸಿ. ಕೆಲವು ಕಾರಿನ ಪೋರ್ಟ್ ಮೂಗಿನಲ್ಲಿದೆ, ಕೆಲವದರದ್ದು ಹಿಂದಿನ ಚಕ್ರದ ಮೇಲೆ. ಮುಂದಿನ ಕಾರು ಹೇಗಿರುತ್ತದೋ? 5 ಮೀಟರ್ ಕೆಲವೊಮ್ಮೆ ಸಾಲುವುದಿಲ್ಲ, 7 ಮೀಟರಿನ ಆಸುಪಾಸು ನೆಮ್ಮದಿ.

## ಹಂತ 6: ಸ್ಮಾರ್ಟ್ ಬೇಕಾ?

ರಾತ್ರಿ ಹನ್ನೊಂದಕ್ಕೆ ಶುರುವಾಗಲಿ, ಶೇಕಡ 80ಕ್ಕೆ ನಿಲ್ಲಲಿ ಎಂದು ಹೇಳಲು ಸ್ಮಾರ್ಟ್ ವಾಲ್‌ಬಾಕ್ಸ್ ಬೇಕಿಲ್ಲ. ಇದನ್ನು ಹೆಚ್ಚಿನ ಕಾರುಗಳಲ್ಲೇ ಸೆಟ್ ಮಾಡಬಹುದು. ಎರಡೂ ಕಡೆ ಟೈಮರ್ ಇಟ್ಟರೆ ಅದು ಇದಕ್ಕೆ, ಇದು ಅದಕ್ಕೆ ಕಾಯುತ್ತಾ ಬೆಳಿಗ್ಗೆ ಬ್ಯಾಟರಿ ಹಾಗೇ ಇರುತ್ತದೆ. ಒಂದು ಕಡೆ ಮಾತ್ರ ಇಡಿ.

ಸ್ಮಾರ್ಟ್ ವಾಲ್‌ಬಾಕ್ಸಿನ ದೊಡ್ಡ ಅಪಾಯ ಕಂಪನಿಯ ಆಯಸ್ಸು. 2024ರ ಅಕ್ಟೋಬರಿನಲ್ಲಿ ಎನೆಲ್ ಎಕ್ಸ್ ವೇ ಎಂಬ ಚಾರ್ಜರ್ ಕಂಪನಿ ಉತ್ತರ ಅಮೆರಿಕದ ತನ್ನ ವ್ಯವಹಾರ ಮುಚ್ಚುವುದಾಗಿ ಪ್ರಕಟಿಸಿದಾಗ ಜ್ಯೂಸ್‌ಬಾಕ್ಸ್ ಚಾರ್ಜರ್ ಕೊಂಡಿದ್ದ ಮನೆಯವರು ಇದನ್ನು ಕಂಡರು. ಪೆಟ್ಟಿಗೆ ಕರೆಂಟ್ ಕೊಡುತ್ತದೆ, ಆದರೆ ಆ್ಯಪಿಗೆ ಕಂಪನಿಯ ಬೆಂಬಲ ಇಲ್ಲ. ಹಾಗಾಗಿ ಕೊಳ್ಳುವ ಮುಂಚೆ ಒಂದು ಪ್ರಶ್ನೆ: ಇಂಟರ್ನೆಟ್ ಇಲ್ಲದೆ, ಆ್ಯಪ್ ಇಲ್ಲದೆ, ಪ್ಲಗ್ ಹಾಕಿದ ಕೂಡಲೇ ಇದು ಚಾರ್ಜ್ ಮಾಡುತ್ತದಾ? ಆಗುವುದಿಲ್ಲ ಎಂದರೆ ಬಿಟ್ಟುಬಿಡಿ. ಒಸಿಪಿಪಿ 1.6 ಅಥವಾ 2.0.1 ಇದೆಯಾ ಎಂದೂ ಕೇಳಿ. ಅದು ಚಾರ್ಜರುಗಳು ಸರ್ವರ್ ಜೊತೆ ಮಾತಾಡುವ ಮುಕ್ತ ಭಾಷೆ. ಅದಿದ್ದರೆ ಕಂಪನಿ ಹೋದರೂ ಬೇರೆಯವರ ತಂತ್ರಾಂಶಕ್ಕೆ ಜೋಡಿಸುವ ದಾರಿ ಉಳಿಯುತ್ತದೆ.

ಚಾವಣಿಯಲ್ಲಿ ಸೋಲಾರ್ ಇದ್ದವರಿಗೆ ಸ್ಮಾರ್ಟ್ ನಿಜಕ್ಕೂ ಉಪಯೋಗ. ಮನೆಗೆ ಬಳಸಿ ಉಳಿದ ಬಿಸಿಲಿನ ಕರೆಂಟನ್ನಷ್ಟೇ ಕಾರಿಗೆ ಕಳಿಸಬಹುದು. ಆದರೆ ಒಂದು ಮಿತಿ ಇದೆ. ವಾಲ್‌ಬಾಕ್ಸ್ ಕಾರಿಗೆ ಆಂಪ್ ತಿಳಿಸುವ, ಹಂತ 1ರಲ್ಲಿ ಹೇಳಿದ ಸಂಕೇತ ಪದ್ಧತಿಯಲ್ಲಿ 6 ಆಂಪಿಗಿಂತ ಕಡಿಮೆ ಹೇಳಲು ಬರುವುದಿಲ್ಲ. ಸಿಂಗಲ್ ಫೇಸಿನಲ್ಲಿ ಅದು 1.4 ಕಿಲೋವ್ಯಾಟ್. ತ್ರೀ ಫೇಸಿನಲ್ಲಿ 4.1. ಸಣ್ಣ ಸೋಲಾರಿನಲ್ಲಿ 4.1 ಉಳಿಯುವುದು ಅಪರೂಪ. ತ್ರೀ ಫೇಸ್ ಮನೆಯವರು ತಾನಾಗಿ ಒಂದು ಫೇಸಿಗೆ ಇಳಿಯಬಲ್ಲ ವಾಲ್‌ಬಾಕ್ಸ್ ಹುಡುಕಬೇಕು.

ಕಾರಿನಿಂದ ಮನೆಗೇ ಕರೆಂಟ್ ತರುವ ಎರಡು ದಿಕ್ಕಿನ ಚಾರ್ಜರ್ ಬಗ್ಗೆ ಕೇಳಿರಬಹುದು. ನಿಮ್ಮ ಕಾರಿನ ತಯಾರಕರೇ ಅದಕ್ಕೆ ಒಪ್ಪಿಗೆ ಕೊಟ್ಟಿದ್ದರೆ ಮಾತ್ರ ನೋಡಿ.

## ಹಂತ 7: ಜಾಗ

ಹೊರಗೆ ಕೂರಿಸುವುದಾದರೆ ಐಪಿ 54 ಕನಿಷ್ಠ, ಮಳೆ ನೇರ ಹೊಡೆಯುವ ಕಡೆ ಐಪಿ 65. ಮೊದಲ ಅಂಕಿ ಧೂಳಿಗೆ, ಎರಡನೆಯದು ನೀರಿಗೆ. ಕಾರು ತಾಗುವ ಸಾಧ್ಯತೆ ಇದ್ದರೆ ಪೆಟ್ಟು ತಡೆಯುವ ಐಕೆ 10 ನೋಡಿ. ಮಳೆಗಿಂತ ಬಿಸಿಲಿನ ಬಗ್ಗೆ ಜಾಸ್ತಿ ಯೋಚಿಸಿ. ನೆತ್ತಿಯ ಬಿಸಿಲಿಗೆ ಕಾದ ವಾಲ್‌ಬಾಕ್ಸ್ ತನ್ನನ್ನು ಉಳಿಸಿಕೊಳ್ಳಲು ಆಂಪ್ ಇಳಿಸುತ್ತದೆ, ಎಲೆಕ್ಟ್ರಾನಿಕ್ಸ್ ಬೇಗ ಮುದಿಯಾಗುತ್ತದೆ. ನೆರಳಿನ ಗೋಡೆ ಇಲ್ಲದಿದ್ದರೆ ಮೇಲೊಂದು ತಗಡು ಹಾಕಿಸಿ. ಪ್ಲಗ್ಗಿನ ಬಾಯಿ ಕೆಳಗೆ ನೋಡುವಂತೆ ಕೊಕ್ಕೆ ಇರಲಿ.

ಅಪಾರ್ಟ್‌ಮೆಂಟಿನಲ್ಲಿ ಕಷ್ಟ ಬೇರೆ ತರಹದ್ದು. ಮೀಟರ್ ಒಂದು ಕಡೆ, ಪಾರ್ಕಿಂಗ್ ಇನ್ನೊಂದು ಕಡೆ, ನಡುವೆ ಎಲ್ಲರ ಗೋಡೆ. ಒಬ್ಬೊಬ್ಬರೇ ವೈರ್ ಎಳೆದರೆ ಹತ್ತನೆಯವರಿಗೆ ಲೋಡ್ ಉಳಿದಿರುವುದಿಲ್ಲ. ಮೊದಲ ಕಾರು ಬಂದಾಗಲೇ ಸಂಘದವರನ್ನು ಕೂರಿಸಿ, ಇರುವ ಲೋಡನ್ನು ಎಲ್ಲ ಚಾರ್ಜರುಗಳಿಗೂ ಹಂಚುವ ವ್ಯವಸ್ಥೆ ಮಾತಾಡುವುದು ವಾಸಿ. ಮುಂದೆ ಬರುವ ವೈರಿಗೆ ಖಾಲಿ ಪೈಪ್ ಈಗಲೇ ಹಾಕಿಸಿ.

## ಹಂತ 8: ಕೂರಿಸಿದ ದಿನ

ಎಲೆಕ್ಟ್ರಿಷಿಯನ್ ಹೊರಡುವ ಮುಂಚೆ ಆರ್‌ಸಿಡಿಯ ಟೆಸ್ಟ್ ಬಟನ್ ಒತ್ತಿಸಿ ನೋಡಿ. ಅರ್ಥ್ ಅಳೆದ ಸಂಖ್ಯೆಯನ್ನು ಬರೆಸಿಕೊಳ್ಳಿ. ವಾಲ್‌ಬಾಕ್ಸಿನ ಒಳಗಿನ ಗರಿಷ್ಠ ಆಂಪ್ ಸೆಟಿಂಗ್ ನಿಮ್ಮ ವೈರಿಗೆ ಹೊಂದುತ್ತದಾ ಎಂದು ತೋರಿಸಲು ಹೇಳಿ. ವೈರ್ ಹೋದ ದಾರಿಯ ಫೋಟೋ ತೆಗೆದಿಡಿ, ಮುಂದೆ ಗೋಡೆಗೆ ಮೊಳೆ ಹೊಡೆಯುವಾಗ ಬೇಕಾಗುತ್ತದೆ.

ಮೊದಲ ಚಾರ್ಜಿಂಗ್ ಹಗಲು ಹೊತ್ತಿನಲ್ಲಿ, ಪೂರ್ತಿ ಆಂಪಿನಲ್ಲಿ ಮಾಡಿ. ಒಂದು ಗಂಟೆ ಆದ ಮೇಲೆ ಪ್ಲಗ್ಗಿನ ಹಿಡಿ, ಕೇಬಲ್, ಡಿಬಿಯ ಮುಚ್ಚಳವನ್ನು ಹೊರಗಿನಿಂದ ಮುಟ್ಟಿ ನೋಡಿ. ಬೆಚ್ಚಗಿದ್ದರೆ ಸರಿ. ಕೈ ಇಡಲಾಗದಷ್ಟು ಬಿಸಿ ಇದ್ದರೆ, ಸುಟ್ಟ ವಾಸನೆ ಬಂದರೆ, ಕಾರಿನಿಂದಲೇ ಚಾರ್ಜಿಂಗ್ ನಿಲ್ಲಿಸಿ, ಆಮೇಲೆ ಬ್ರೇಕರ್ ಇಳಿಸಿ ಎಲೆಕ್ಟ್ರಿಷಿಯನ್‌ಗೆ ಫೋನ್ ಮಾಡಿ. ಕಾರಿನ ಪರದೆಯಲ್ಲಿ ವೋಲ್ಟೇಜ್ ಕಾಣುವುದಾದರೆ ಚಾರ್ಜಿಂಗ್ ಶುರುವಾಗುವ ಮುಂಚೆ ಮತ್ತು ಆಮೇಲೆ ನೋಡಿ. 236 ಇದ್ದದ್ದು 230ಕ್ಕೆ ಬಂದರೆ ಚಿಂತೆಯಿಲ್ಲ. 215ಕ್ಕೆ ಕುಸಿದರೆ ವೈರ್ ಸಣ್ಣದಿದೆ, ಎಲ್ಲೋ ಜೋಡಣೆ ಸಡಿಲವಿದೆ, ಅಥವಾ ಬೀದಿಯ ಲೈನೇ ಸೊರಗಿದೆ. ಯಾವುದು ಎಂದು ಗೊತ್ತಾಗುವ ತನಕ 16 ಆಂಪಿಗೆ ಇಳಿಸಿ ಓಡಿಸಿ. ತಿಂಗಳಾದ ಮೇಲೆ ಟರ್ಮಿನಲ್ ಸ್ಕ್ರೂಗಳನ್ನು ಅವರಿಂದಲೇ ಇನ್ನೊಮ್ಮೆ ಬಿಗಿ ಮಾಡಿಸಿ. ಆಮೇಲೆ ವರ್ಷಕ್ಕೊಂದು ಸಲ ಸಾಕು.